ಕೈಲಾಸದ ದಾರಿ: ಗಡಿಯ ಲೆಕ್ಕ, ಗಾಳಿಯ ಲೆಕ್ಕ

ಕೈಲಾಸ ಮಾನಸ ಸರೋವರಕ್ಕೆ ಹೋಗಬೇಕು ಅಂದುಕೊಂಡವರು ಮೊದಲು ಕೇಳುವುದು ಖರ್ಚು ಎಷ್ಟು ಅಂತ. ಆಮೇಲೆ, ಎಷ್ಟು ದಿನ ರಜೆ ಹಾಕಬೇಕು ಅಂತ. ಟೂರ್ ಕಂಪನಿಗಳ ಜಾಹೀರಾತುಗಳೂ ಈ ಎರಡಕ್ಕೇ ಉತ್ತರ ಕೊಡುತ್ತವೆ. ಒಬ್ಬರು ಹತ್ತು ದಿನ ಅನ್ನುತ್ತಾರೆ, ಇನ್ನೊಬ್ಬರು ಎರಡು ವಾರ ಅನ್ನುತ್ತಾರೆ, ಕೇಂದ್ರ ಸರ್ಕಾರ ನಡೆಸುವ ಯಾತ್ರೆಗೆ ಮೂರು ವಾರ ಬೇಕು. ಬೆಟ್ಟ ಅದೇ, ಅದನ್ನು ಸುತ್ತಿ ಬರುವ ಪರಿಕ್ರಮದ ದಾರಿಯೂ ಅದೇ. ಮತ್ತೆ ಇಷ್ಟು ವ್ಯತ್ಯಾಸ ಯಾಕೆ?

ಈ ಯಾತ್ರೆಯ ಎಲ್ಲಾ ನಿಯಮ, ಎಲ್ಲಾ ತೊಡಕು ಹುಟ್ಟುವುದು ಎರಡು ಕಡೆಯಿಂದ. ಒಂದು, ಬೆಟ್ಟ ಇರುವುದು ಗಡಿಯಾಚೆ, ಚೀನಾದ ಆಡಳಿತದಲ್ಲಿರುವ ಟಿಬೆಟ್‌ನಲ್ಲಿ. ಇನ್ನೊಂದು, ಅಲ್ಲಿ ಗಾಳಿ ತೆಳು. ಈ ಎರಡು ಲೆಕ್ಕ ಅರ್ಥವಾದರೆ ಯಾವ ದಾರಿ ಹಿಡಿಯಬೇಕು, ಯಾವಾಗ ಹಿಂದೆ ಸರಿಯಬೇಕು ಅನ್ನುವುದನ್ನು ನೀವೇ ತೀರ್ಮಾನಿಸಬಹುದು.

ಬೆಟ್ಟ ಎಲ್ಲಿದೆ, ಯಾರದ್ದು

ಕೈಲಾಸದ ಎತ್ತರ ಸುಮಾರು 6,638 ಮೀಟರ್. ಹಿಮಾಲಯದ ಲೆಕ್ಕದಲ್ಲಿ ಇದು ದೊಡ್ಡ ಎತ್ತರವೇನೂ ಅಲ್ಲ. ಮಾನಸ ಸರೋವರದ ದಕ್ಷಿಣಕ್ಕೆ ನಿಂತಿರುವ ಗುರ್ಲಾ ಮಾಂಧಾತ 7,694 ಮೀಟರ್ ಇದೆ, ಕೈಲಾಸಕ್ಕಿಂತ ಒಂದು ಕಿಲೋಮೀಟರ್ ಜಾಸ್ತಿ. ಆದರೂ ಕಣ್ಣು ಹೋಗಿ ನಿಲ್ಲುವುದು ಕೈಲಾಸದ ಮೇಲೇ. ಹಿಮಾಲಯದ ಸಾಲಿನಿಂದ ಉತ್ತರಕ್ಕೆ, ಬಯಲಿನಂಥ ಪ್ರಸ್ಥಭೂಮಿಯ ಅಂಚಿನಲ್ಲಿ ಅದು ಒಂಟಿಯಾಗಿ ಎದ್ದಿದೆ. ನಾಲ್ಕು ದಿಕ್ಕಿಗೆ ನಾಲ್ಕು ಮುಖ. ಅದರ ತುದಿಯನ್ನು ಯಾರೂ ಹತ್ತಿದ ದಾಖಲೆಯಿಲ್ಲ. ಹೆಸರಾಂತ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್‌ಗೆ 1980ರ ದಶಕದಲ್ಲಿ ಅವಕಾಶ ಸಿಕ್ಕಿತ್ತು, ಅವರೇ ಬೇಡ ಅಂದರು.

ಏಷ್ಯಾದ ನಾಲ್ಕು ದೊಡ್ಡ ನದಿಗಳು ಈ ಸೀಮೆಯಿಂದ ಹೊರಡುತ್ತವೆ: ಸಿಂಧೂ, ಸಟ್ಲೆಜ್, ಬ್ರಹ್ಮಪುತ್ರ, ಕರ್ನಾಲಿ. ಕರ್ನಾಲಿ ನೇಪಾಳ ದಾಟಿ ಘಾಘ್ರಾ ಆಗಿ ಗಂಗೆಯನ್ನು ಸೇರುತ್ತದೆ. ಈ ನಾಲ್ಕೂ ಕೈಲಾಸದ ಬುಡದಲ್ಲೇ ಹುಟ್ಟುತ್ತವೆ ಅಂತ ಹೇಳುವ ವಾಡಿಕೆ ಇದೆ. ನಿಜವಾಗಿ ಇವುಗಳ ಮೂಲಗಳು ಸುತ್ತಲಿನ ಸೀಮೆಯಲ್ಲಿ ಚದುರಿವೆ, ಬ್ರಹ್ಮಪುತ್ರದ್ದಂತೂ ಸಾಕಷ್ಟು ದೂರ ಪೂರ್ವಕ್ಕಿದೆ. ಆದರೂ ನಾಲ್ಕು ದಿಕ್ಕಿಗೆ ಹರಿಯುವ ನೀರಿಗೆ ಇದೊಂದೇ ನೆತ್ತಿ ಅನ್ನುವ ಭಾವ ಭೂಗೋಳಕ್ಕೆ ತೀರಾ ದೂರವಾದದ್ದಲ್ಲ.

ನಮಗೆ ಇದು ಶಿವ ಪಾರ್ವತಿಯರ ನೆಲೆ. ಟಿಬೆಟಿಯನ್ನರಿಗೆ ಇದು ಗಂಗ್ ರಿನ್‌ಪೋಚೆ, ಡೆಮ್‌ಚೋಕ್ ಅನ್ನುವ ದೇವತೆಯ ಮಂಡಲ. ಬೌದ್ಧ ಧರ್ಮಕ್ಕಿಂತ ಮೊದಲೇ ಅಲ್ಲಿ ಬೇರೂರಿದ್ದ ಬೋನ್ ಧರ್ಮದವರಿಗೆ ಒಂಬತ್ತು ಅಂತಸ್ತಿನ ಸ್ವಸ್ತಿಕ ಪರ್ವತ. ಜೈನರು ಮೊದಲ ತೀರ್ಥಂಕರ ವೃಷಭನಾಥರು ಮೋಕ್ಷ ಪಡೆದ ಅಷ್ಟಾಪದ ಇದೇ ಸೀಮೆಯದ್ದು ಅಂತ ನಂಬುತ್ತಾರೆ. ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿ ಆ ವೃಷಭನಾಥರ ಮಗ.

ಗೋಕರ್ಣದ ಕಥೆ ನಮಗೆಲ್ಲ ಗೊತ್ತು, ಅಲ್ವಾ? ರಾವಣ ತಪಸ್ಸು ಮಾಡಿ ಶಿವನಿಂದ ಆತ್ಮಲಿಂಗ ಪಡೆದ, ದಾರಿಯಲ್ಲಿ ಸಂಧ್ಯಾವಂದನೆಯ ಹೊತ್ತಾಯಿತು, ಬ್ರಹ್ಮಚಾರಿಯ ವೇಷದ ಗಣಪತಿ ಲಿಂಗವನ್ನು ನೆಲಕ್ಕಿಟ್ಟ. ಆ ಕಥೆಯ ಇನ್ನೊಂದು ತುದಿ ಇಲ್ಲಿದೆ. ಮಾನಸ ಸರೋವರದ ಪಕ್ಕದಲ್ಲೇ ರಾಕ್ಷಸತಾಲ್ ಅನ್ನುವ ಸರೋವರವಿದೆ. ರಾವಣ ತಪಸ್ಸು ಮಾಡಿದ್ದು ಅದರ ದಂಡೆಯಲ್ಲಿ ಅಂತ ಹೇಳುತ್ತಾರೆ. ಎರಡು ಸರೋವರಗಳ ನಡುವೆ ಗಂಗಾ ಛು ಅನ್ನುವ ಸಣ್ಣ ಕಾಲುವೆಯಂಥ ಹರಿವು ಇದೆ. ಮಾನಸ ಸರೋವರದ್ದು ಸಿಹಿನೀರು, ರಾಕ್ಷಸತಾಲ್‌ನದ್ದು ಉಪ್ಪುಪ್ಪು. ಯಾತ್ರಿಕರು ಅಲ್ಲಿ ಸ್ನಾನ ಮಾಡುವುದಿಲ್ಲ, ದೂರದಿಂದ ನೋಡಿ ಮುಂದೆ ಹೋಗುತ್ತಾರೆ.

ಗಡಿಯ ಲೆಕ್ಕ

ಹಿಂದಿನ ಕಾಲದಲ್ಲಿ ಈ ದಾರಿಯಲ್ಲಿ ಯಾತ್ರಿಕರು, ಉಪ್ಪು ಮತ್ತು ಉಣ್ಣೆಯ ವ್ಯಾಪಾರಿಗಳು, ಕುರಿ ಹಿಂಡು ಎಲ್ಲವೂ ಓಡಾಡುತ್ತಿದ್ದವು. ಉತ್ತರಾಖಂಡದ ಕುಮಾವೂನ್‌ನ ಭೋಟಿಯಾ ವ್ಯಾಪಾರಿಗಳಿಗೆ ಟಿಬೆಟ್‌ನ ತಕ್ಲಾಕೋಟ್ ಪಕ್ಕದ ಸಂತೆ. 1954ರಲ್ಲಿ ಭಾರತ ಮತ್ತು ಚೀನಾ ಟಿಬೆಟ್ ವ್ಯಾಪಾರದ ಬಗ್ಗೆ ಒಪ್ಪಂದ ಮಾಡಿಕೊಂಡವು. ಪಂಚಶೀಲ ಅನ್ನುವ ಮಾತು ಬಂದದ್ದು ಅದರಲ್ಲೇ. ಯಾತ್ರಿಕರು ಎಲ್ಲಿ ಗಡಿ ದಾಟಬಹುದು ಅಂತ ಅದರಲ್ಲಿ ಬೆಟ್ಟ ದಾಟುವ ಆರು ಕಣಿವೆದಾರಿಗಳ ಹೆಸರಿತ್ತು. ಲಿಪುಲೇಖ್ ಅದರಲ್ಲೊಂದು. 1962ರಲ್ಲಿ ಒಪ್ಪಂದದ ಅವಧಿ ಮುಗಿಯಿತು, ಅದೇ ವರ್ಷ ಯುದ್ಧವೂ ಆಯಿತು. ದಾರಿ ಮುಚ್ಚಿತು. ಮತ್ತೆ ತೆರೆದದ್ದು 1981ರಲ್ಲಿ.

ಅಂದಿನಿಂದ ವಿದೇಶಾಂಗ ಸಚಿವಾಲಯವೇ ಯಾತ್ರೆ ನಡೆಸುತ್ತದೆ. ತೀರ್ಥಯಾತ್ರೆಗೂ ವಿದೇಶಾಂಗ ಇಲಾಖೆಗೂ ಏನು ಸಂಬಂಧ ಅಂತ ಕೆಲವರಿಗೆ ಆಶ್ಚರ್ಯ. ಎರಡು ದೇಶಗಳ ಮಾತುಕತೆ ಸರಿಯಿದ್ದರೆ ಮಾತ್ರ ಯಾತ್ರೆ. 2015ರಲ್ಲಿ ಸಂಬಂಧ ಚೆನ್ನಾಗಿದ್ದಾಗ ಸಿಕ್ಕಿಂನ ನಾಥು ಲಾ ಮೂಲಕ ಎರಡನೇ ದಾರಿ ತೆರೆಯಿತು. 2017ರಲ್ಲಿ ಎರಡೂ ಸೈನ್ಯಗಳು ಎದುರುಬದುರಾಗಿ ನಿಂತ ಡೋಕ್ಲಾಂ ಬಿಕ್ಕಟ್ಟು ಬಂತು, ಆ ವರ್ಷ ನಾಥು ಲಾ ದಾರಿ ಮುಚ್ಚಿತು. 2020ರಲ್ಲಿ ಕೊರೊನಾ ಬಂತು, ಅದೇ ವರ್ಷ ಜೂನ್‌ನಲ್ಲಿ ಗಲ್ವಾನ್ ಕಣಿವೆಯಲ್ಲಿ ಎರಡೂ ಸೈನ್ಯಗಳ ಘರ್ಷಣೆ ಆಯಿತು. ಐದು ವರ್ಷ ಯಾತ್ರೆಯೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ರಷ್ಯಾದ ಕಜಾನ್‌ನಲ್ಲಿ ಎರಡೂ ದೇಶಗಳ ನಾಯಕರು ಭೇಟಿಯಾದ ಮೇಲೆ ಮಾತು ಮುಂದುವರಿಯಿತು. 2025ರ ಜೂನ್‌ನಲ್ಲಿ ಮೊದಲ ತಂಡ ನಾಥು ಲಾ ದಾಟಿತು.

ಇದರ ನಡುವೆ ನೇಪಾಳದ್ದೂ ಒಂದು ತಕರಾರಿದೆ. ಲಿಪುಲೇಖ್ ತನ್ನದು ಅಂತ ಅದರ ವಾದ. 2020ರ ಮೇ ತಿಂಗಳಲ್ಲಿ ಭಾರತ ಧಾರಚುಲಾದಿಂದ ಲಿಪುಲೇಖ್ ಕಡೆಗೆ ರಸ್ತೆ ಉದ್ಘಾಟಿಸಿದಾಗ ನೇಪಾಳ ಪ್ರತಿಭಟಿಸಿ ಹೊಸ ನಕ್ಷೆಯನ್ನೇ ಹೊರಡಿಸಿತು. ಹಾಗಾಗಿ ಯಾತ್ರೆಗೆ ದುಡ್ಡು ಕೂಡಿಸಿಟ್ಟವರು ಪತ್ರಿಕೆಯ ವಿದೇಶ ಸುದ್ದಿಯ ಪುಟವನ್ನೂ ಓದುತ್ತಿರುವುದು ಒಳ್ಳೆಯದು.

ಮೂರು ದಾರಿ

ಸರ್ಕಾರದ ಯಾತ್ರೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ವಯಸ್ಸು 18ರಿಂದ 70. ಭಾರತದ ಪಾಸ್‌ಪೋರ್ಟ್ ಇರಲೇಬೇಕು. ವಿದೇಶಿ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡಿರುವ ಕನ್ನಡಿಗರಿಗೆ ಇಲ್ಲಿ ಅವಕಾಶವಿಲ್ಲ. ಅವರು ಕಾಠ್ಮಂಡು ಅಥವಾ ಲಾಸಾ ಕಡೆಯಿಂದ ಖಾಸಗಿಯಾಗಿ ಹೋಗಬೇಕು. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಮೀರಬಾರದು. ಆಯ್ಕೆ ಕಂಪ್ಯೂಟರ್ ಲಾಟರಿಯಲ್ಲಿ. 2025ರಲ್ಲಿ 5,561 ಮಂದಿ ಅರ್ಜಿ ಹಾಕಿದ್ದರು, ಜಾಗ ಇದ್ದದ್ದು 750 ಜನಕ್ಕೆ. ಲಿಪುಲೇಖ್ ಕಡೆಯಿಂದ 50 ಜನರ ಐದು ತಂಡ, ನಾಥು ಲಾ ಕಡೆಯಿಂದ ಹತ್ತು ತಂಡ. ಆ ವರ್ಷ ಸರ್ಕಾರ ಕೊಟ್ಟ ಅಂದಾಜು ಖರ್ಚು ಲಿಪುಲೇಖ್ ದಾರಿಗೆ 1.74 ಲಕ್ಷ ರೂಪಾಯಿ, ನಾಥು ಲಾ ದಾರಿಗೆ 2.83 ಲಕ್ಷ ರೂಪಾಯಿ. ಚೀನಾ ಕಡೆಯ ಖರ್ಚನ್ನು ಡಾಲರ್‌ನಲ್ಲಿ ಕಟ್ಟಬೇಕು. ಕರ್ನಾಟಕದವರಿಗೆ ಮುಜರಾಯಿ ಇಲಾಖೆಯಿಂದ 30,000 ರೂಪಾಯಿ ಸಹಾಯಧನ ಸಿಗುತ್ತಾ ಬಂದಿದೆ. ಹೊರಡುವ ಮೊದಲೇ ಇಲಾಖೆಯಲ್ಲಿ ವಿಚಾರಿಸಿ, ಬೇಕಾದ ಕಾಗದಪತ್ರ ತೆಗೆದಿಟ್ಟುಕೊಳ್ಳಿ.

ಲಿಪುಲೇಖ್ ದಾರಿ ಉತ್ತರಾಖಂಡದ್ದು. ಧಾರಚುಲಾ, ಗುಂಜಿ, ನಾಭಿಢಾಂಗ್ ದಾಟಿ ಸುಮಾರು 17,000 ಅಡಿ ಎತ್ತರದ ಲಿಪುಲೇಖ್ ಕಣಿವೆದಾರಿ ಹತ್ತಿ, ಆ ಕಡೆ ತಕ್ಲಾಕೋಟ್‌ಗೆ ಇಳಿಯಬೇಕು. ಭಾರತದ ಕಡೆಯ ವ್ಯವಸ್ಥೆ ಕುಮಾವೂನ್ ಮಂಡಲ ವಿಕಾಸ ನಿಗಮದ್ದು, ಕಾವಲು ಮತ್ತು ವೈದ್ಯಕೀಯ ಸಹಾಯ ಐಟಿಬಿಪಿ, ಅಂದರೆ ಇಂಡೋ ಟಿಬೆಟನ್ ಗಡಿ ಪೊಲೀಸ್ ಯೋಧರದ್ದು. ನಾಥು ಲಾ ದಾರಿಯಲ್ಲಿ ಗಡಿ ದಾಟಿದ ಮೇಲೆ ಟಿಬೆಟ್‌ನೊಳಗೆ ಬಸ್ಸಿನಲ್ಲೇ ಬಹಳ ದೂರ ಪಶ್ಚಿಮಕ್ಕೆ ಹೋಗಬೇಕು. ನಡಿಗೆ ಕಡಿಮೆ, ಕೂತು ಸುಸ್ತಾಗುವುದು ಜಾಸ್ತಿ.

ಮೂರನೆಯದು ನೇಪಾಳದ ದಾರಿ. ಇಲ್ಲಿ ಲಾಟರಿ ಇಲ್ಲ. ಕಾಠ್ಮಂಡುವಿನಿಂದ ಟಿಬೆಟ್‌ನ ಕೇರುಂಗ್, ಸಾಗಾ ಊರುಗಳ ಮೂಲಕ ವಾಹನದಲ್ಲಿ ಹೋಗಬಹುದು. ಇಲ್ಲವೇ ಲಖನೌ ಕಡೆಯ ಗಡಿಗೆ ತಾಗಿರುವ ನೇಪಾಳಗಂಜ್‌ನಿಂದ ಸಣ್ಣ ವಿಮಾನದಲ್ಲಿ ಸಿಮಿಕೋಟ್, ಅಲ್ಲಿಂದ ಹೆಲಿಕಾಪ್ಟರ್‌ನಲ್ಲಿ ಹಿಲ್ಸಾ, ಸೇತುವೆ ದಾಟಿದರೆ ಟಿಬೆಟ್. ಖಾಸಗಿ ಟೂರ್‌ಗಳು ಬಹುತೇಕ ಇವೇ. ದಿನ ಕಡಿಮೆ. ಇಲ್ಲಿಗೆ ಎರಡನೇ ಲೆಕ್ಕಕ್ಕೆ ಬಂದೆವು.

ಗಾಳಿಯ ಲೆಕ್ಕ

ಎತ್ತರದ ಜಾಗದಲ್ಲಿ ಆಮ್ಲಜನಕ ಇರುವುದಿಲ್ಲ ಅಂತ ಜನ ಹೇಳುತ್ತಾರೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಾ ಕಡೆಯೂ ಸುಮಾರು 21 ಶೇಕಡಾವೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಒತ್ತಡ ಇಳಿದಾಗ ಒಂದೊಂದು ಉಸಿರಿನಲ್ಲೂ ಒಳಗೆ ಹೋಗುವ ಗಾಳಿ ತೆಳುವಾಗುತ್ತದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಮಾನಸ ಸರೋವರದ ದಂಡೆ ಸುಮಾರು 4,590 ಮೀಟರ್. ಪರಿಕ್ರಮದ ಅತಿ ಎತ್ತರದ ಜಾಗ ಡೋಲ್ಮಾ ಲಾ ಸುಮಾರು 5,630 ಮೀಟರ್, ಮುಳ್ಳಯ್ಯನಗಿರಿಯ ಹೆಚ್ಚುಕಡಿಮೆ ಮೂರು ಪಟ್ಟು. ಅಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧದಷ್ಟು ಮಾತ್ರ. ಸರೋವರದ ದಂಡೆಯಲ್ಲಿ ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. ಮೊದಲು ಉಸಿರಾಟ ಜೋರಾಗುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಮೂತ್ರ ಜಾಸ್ತಿ ಹೋಗುತ್ತದೆ. ದಿನಗಳು ಕಳೆದಂತೆ ರಕ್ತವೂ ಬದಲಾಗುತ್ತದೆ. ಪರ್ವತ ವೈದ್ಯರು ಹೇಳುವ ನಿಯಮ ಸರಳ: 3,000 ಮೀಟರ್ ದಾಟಿದ ಮೇಲೆ, ಇವತ್ತು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 500 ಮೀಟರಿಗಿಂತ ಜಾಸ್ತಿ ಎತ್ತರದಲ್ಲಿ ಇರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ನಿಲ್ಲಬೇಕು.

ಈ ನಿಯಮವನ್ನು ಕೈಯಲ್ಲಿ ಹಿಡಿದು ಮೂರೂ ದಾರಿಗಳನ್ನು ನೋಡಿ. ಲಿಪುಲೇಖ್ ದಾರಿಯಲ್ಲಿ ಗುಂಜಿಯಲ್ಲಿ ತಂಗಬೇಕು. ಅದು ಸುಮಾರು 3,200 ಮೀಟರ್ ಎತ್ತರದಲ್ಲಿದೆ. ದೆಹಲಿಯಲ್ಲಿ ಒಂದು ಸಲ ಆದ ಮೇಲೆ, ಅಲ್ಲೇ ಎರಡನೇ ಸಲ ವೈದ್ಯಕೀಯ ಪರೀಕ್ಷೆ. ಮುಂದೆ ನಾಭಿಢಾಂಗ್, ಕಣಿವೆದಾರಿ, ಆಮೇಲೆ ಮತ್ತೆ 3,900 ಮೀಟರ್ ಆಸುಪಾಸಿನ ತಕ್ಲಾಕೋಟ್‌ಗೆ ಇಳಿತ. ಎತ್ತರಕ್ಕೆ ಹತ್ತಿ ತಗ್ಗಿನಲ್ಲಿ ಮಲಗುವ ಈ ಕ್ರಮ ದೇಹಕ್ಕೆ ಒಳ್ಳೆಯದು. ಹಿಂದೆ ಧಾರಚುಲಾದ ಆಚೆ ದಿನಗಟ್ಟಲೆ ನಡೆಯಬೇಕಿತ್ತು. ಈಗ ರಸ್ತೆ ಬಂದು ನಡಿಗೆ ತಗ್ಗಿದೆ. ಮಂಡಿ ನೋವಿನವರಿಗೆ ಅನುಕೂಲ, ನಿಜ. ಆದರೆ ಆ ನಿಧಾನದ ನಡಿಗೆಯೇ ದೇಹವನ್ನು ಎತ್ತರಕ್ಕೆ ಹದಗೊಳಿಸುತ್ತಿತ್ತು. ಅದಕ್ಕೇ ಈಗ ಗುಂಜಿಯಲ್ಲಿ ಕಳೆಯುವ ದಿನವನ್ನು ಸುಮ್ನೆ ವ್ಯರ್ಥ ಅಂತ ಎಣಿಸಬಾರದು.

ಹೆಲಿಕಾಪ್ಟರ್ ದಾರಿ ನೋಡಿ. ನೇಪಾಳಗಂಜ್ ಸುಮಾರು 150 ಮೀಟರ್. ಸಿಮಿಕೋಟ್ 2,900 ಮೀಟರ್ ಆಸುಪಾಸು. ಹಿಲ್ಸಾ 3,600 ಮೀಟರ್ ಮೇಲೆ. ಹವೆ ಚೆನ್ನಾಗಿದ್ದು ಎಲ್ಲಾ ಸರಿಯಾಗಿ ಹಾರಿದರೆ ಒಂದೇ ದಿನದಲ್ಲಿ ಬಯಲಿನಿಂದ ಹೊರಟು ತಕ್ಲಾಕೋಟ್‌ನಲ್ಲಿ ಮಲಗಬಹುದು. ಜಾಹೀರಾತಿನಲ್ಲಿ ಇದು ದೊಡ್ಡ ಅನುಕೂಲದಂತೆ ಕಾಣುತ್ತದೆ. ನನ್ನ ಕಣ್ಣಿಗೆ ಇದೇ ಈ ಟೂರ್‌ಗಳ ಅತಿ ದೊಡ್ಡ ಅಪಾಯ. ಕೇರುಂಗ್ ದಾರಿಯೂ ಇಂಥದ್ದೇ. 2,800 ಮೀಟರ್ ಆಸುಪಾಸಿನ ಕೇರುಂಗ್‌ನಿಂದ ಒಂದೇ ದಿನದ ಪ್ರಯಾಣದಲ್ಲಿ ಸುಮಾರು 4,500 ಮೀಟರ್ ಎತ್ತರದ ಸಾಗಾ ತಲುಪುತ್ತಾರೆ. ಕಾರಿನಲ್ಲಿ ಕೂತವರಿಗೆ ಎತ್ತರ ಏರುತ್ತಿರುವುದು ಗೊತ್ತೇ ಆಗುವುದಿಲ್ಲ. ರಾತ್ರಿ ತಲೆ ಸಿಡಿಯಲು ಶುರುವಾದಾಗ ಗೊತ್ತಾಗುತ್ತದೆ.

ತಲೆನೋವು, ಊಟ ಸೇರದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು, ಇವು ಮೊದಲ ಸೂಚನೆ. ಇಷ್ಟಿದ್ದರೆ ಅಲ್ಲೇ ನಿಲ್ಲಬೇಕು, ಮುಂದೆ ಹತ್ತಬಾರದು. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ಕಫದಲ್ಲಿ ಗುಲಾಬಿ ನೊರೆ ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ನಡೆಯುವಾಗ ಓಲಾಡುವುದು, ಮಾತು ತಡವರಿಸುವುದು, ಎಲ್ಲಿದ್ದೇನೆ ಅನ್ನುವುದೇ ಮರೆಯುವುದು ಕಂಡರೆ ಮೆದುಳು ಊದುತ್ತಿದೆ. ಈ ಎರಡರಲ್ಲೂ ಜೀವ ಹೋಗುತ್ತದೆ, ಕೆಲವು ಗಂಟೆಗಳಲ್ಲೇ ಹೋಗಬಹುದು. ಆಮ್ಲಜನಕದ ಸಿಲಿಂಡರ್ ಸ್ವಲ್ಪ ಹೊತ್ತು ತಡೆಯುತ್ತದೆ. ನಿಜವಾದ ಚಿಕಿತ್ಸೆ ಒಂದೇ, ಕೆಳಗಿಳಿಯುವುದು.

ಗಡಿ ಮತ್ತು ಗಾಳಿ ಒಂದಕ್ಕೊಂದು ಸೇರುವುದು ಇಲ್ಲೇ. ಕೇದಾರದಂಥ ಜಾಗದಲ್ಲಿ ಕಾಯಿಲೆ ಬಿದ್ದವರನ್ನು ಹೊತ್ತುಕೊಂಡು ಇಳಿದರೆ ಕೆಲವು ಗಂಟೆಗಳಲ್ಲಿ ತಗ್ಗಿಗೆ ಬರುತ್ತಾರೆ. ಕೈಲಾಸದ ಸುತ್ತ ತಗ್ಗು ಅನ್ನುವುದೇ ಹತ್ತಿರವಿಲ್ಲ. ಇಡೀ ಪ್ರಸ್ಥಭೂಮಿಯೇ 4,500 ಮೀಟರ್ ಮೇಲಿದೆ. ಹತ್ತಿರದ ಸ್ವಲ್ಪ ತಗ್ಗಿನ ಊರು ತಕ್ಲಾಕೋಟ್, ಸುಮಾರು 100 ಕಿಲೋಮೀಟರ್ ದೂರ. ಅದೂ 3,900 ಮೀಟರ್. ಅದಕ್ಕಿಂತ ಕೆಳಗೆ ಬೇಕೆಂದರೆ ಗಡಿ ದಾಟಬೇಕು. ಭಾರತದ ಅಥವಾ ನೇಪಾಳದ ಹೆಲಿಕಾಪ್ಟರ್ ಗಡಿ ದಾಟಿ ಬಂದು ಎತ್ತಿಕೊಂಡು ಹೋಗುವುದಿಲ್ಲ. ಖಾಸಗಿ ತಂಡಗಳಿಗೆ ಸಿಗುವುದು ಗುಂಪು ವೀಸಾ. ಎಲ್ಲರ ಹೆಸರೂ ಒಂದೇ ಕಾಗದದಲ್ಲಿರುತ್ತದೆ, ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಬರಬೇಕು. ಒಬ್ಬರು ಮಧ್ಯದಲ್ಲಿ ವಾಪಸ್ ಹೋಗಬೇಕಾದರೆ ಅದಕ್ಕೆ ಬೇರೆ ಕಾಗದ ಮಾಡಿಸಬೇಕು, ಗೈಡ್ ಓಡಾಡಬೇಕು, ಹೊತ್ತು ಹೋಗುತ್ತದೆ.

ದೆಹಲಿಯ ಪರೀಕ್ಷೆ, ಗುಂಜಿಯ ಪರೀಕ್ಷೆ, ಬಿಎಂಐ 25, ವಯಸ್ಸು 70, ಇವೆಲ್ಲ ಯಾಕೆ ಇಷ್ಟು ಬಿಗಿ ಅಂತ ಈಗ ಅರ್ಥವಾಗುತ್ತದೆ. ಗುಂಜಿಯವರೆಗೆ ಬಂದು ವಾಪಸ್ ಕಳಿಸಿದರು ಅಂತ ಕಣ್ಣೀರು ಹಾಕುವವರನ್ನು ನೋಡಿದರೆ ಸಂಕಟವಾಗುತ್ತದೆ. ಆದರೂ ಆ ವೈದ್ಯರು ಮಾಡುವುದು ಸರಿ. ಗಡಿಯ ಈ ಕಡೆ ಇರುವಾಗ ತಡೆಯಬಹುದಾದ್ದನ್ನು ಆ ಕಡೆ ಹೋದ ಮೇಲೆ ತಡೆಯಲಾಗುವುದಿಲ್ಲ.

ಮಾತ್ರೆಯ ಬಗ್ಗೆ ಒಂದು ಮಾತು. ಅಸೆಟಜೋಲಮೈಡ್, ಅಂದರೆ ಡೈಮಾಕ್ಸ್, ದೇಹ ಬೇಗ ಹೊಂದಿಕೊಳ್ಳಲು ಸಹಾಯ ಮಾಡುತ್ತದೆ. ಸಲ್ಫಾ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಊರಲ್ಲೇ ತಮ್ಮ ವೈದ್ಯರ ಹತ್ತಿರ ಕೂತು ಮಾತಾಡಬೇಕು. ತಲೆನೋವನ್ನು ಗೈಡ್‌ನಿಂದ ಮುಚ್ಚಿಡುವುದು ತುಂಬಾ ಜನ ಮಾಡುವ ತಪ್ಪು. ಇಷ್ಟು ದೂರ ಬಂದು ಪರಿಕ್ರಮ ತಪ್ಪಿಹೋದರೆ ಅನ್ನುವ ಭಯ. ಆ ಭಯ ಅರ್ಥವಾಗುವಂಥದ್ದೇ, ಆದರೆ ಜೀವ ತೆಗೆಯುವುದೂ ಅದೇ.

ಮಳೆಯ ಅಡ್ಡಿ

ಯಾತ್ರೆ ನಡೆಯುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಉಳಿದ ತಿಂಗಳು ಡೋಲ್ಮಾ ಲಾದಲ್ಲಿ, ಕಣಿವೆದಾರಿಗಳಲ್ಲಿ ಹಿಮ. ಕೈಲಾಸದ ಕಡೆ ಮಳೆ ಕಡಿಮೆ, ಅದು ಹಿಮಾಲಯದ ಮಳೆ ನೆರಳಿನಲ್ಲಿದೆ. ಆದರೆ ಅಲ್ಲಿಗೆ ಹೋಗುವ ದಾರಿಗಳೆಲ್ಲ ಹಿಮಾಲಯದ ದಕ್ಷಿಣದ ಇಳಿಜಾರಿನಲ್ಲಿವೆ. ಅದೇ ತಿಂಗಳುಗಳಲ್ಲಿ ಅಲ್ಲಿ ಮುಂಗಾರು.

1998ರ ಆಗಸ್ಟ್‌ನಲ್ಲಿ ಲಿಪುಲೇಖ್ ದಾರಿಯ ಮಾಲ್ಪಾ ಅನ್ನುವ ಹಳ್ಳಿಯ ಮೇಲೆ ರಾತ್ರಿ ಗುಡ್ಡ ಕುಸಿಯಿತು. 200ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಸುಮಾರು 60 ಮಂದಿ ಕೈಲಾಸ ಯಾತ್ರಿಕರು. ಬೆಂಗಳೂರಿನ ಹೆಸರಘಟ್ಟದಲ್ಲಿ ನೃತ್ಯಗ್ರಾಮ ಕಟ್ಟಿದ ಒಡಿಸ್ಸಿ ನರ್ತಕಿ ಪ್ರೊತಿಮಾ ಬೇಡಿ ಅದೇ ರಾತ್ರಿ ತೀರಿಕೊಂಡರು. 2018ರ ಜುಲೈನಲ್ಲಿ ಮಳೆ ಮತ್ತು ಮೋಡದಿಂದ ವಿಮಾನ ಹಾರದೆ ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಕಡೆ ಸುಮಾರು 1,500 ಭಾರತೀಯರು ಸಿಕ್ಕಿಹಾಕಿಕೊಂಡರು. ಅವರಲ್ಲಿ ಕರ್ನಾಟಕದವರು ನೂರಾರು ಜನ. ಸಿಮಿಕೋಟ್‌ಗೆ ಬಯಲಿನಿಂದ ಬರುವ ಒಳ್ಳೆಯ ರಸ್ತೆ ಇಲ್ಲ, ಹಾಗಾಗಿ ವಿಮಾನ ನಿಂತರೆ ಎಲ್ಲವೂ ನಿಂತಂತೆ. 2025ರ ಜುಲೈನಲ್ಲಿ ನೇಪಾಳದ ರಸುವಾದಲ್ಲಿ ಪ್ರವಾಹ ಬಂದು ಕೇರುಂಗ್ ದಾರಿಯ ಗಡಿ ಸೇತುವೆಯೇ ಕೊಚ್ಚಿಹೋಯಿತು. ಹಾಗಾಗಿ ಕೊನೆಯ ದಿನದ ಮಾರನೇ ದಿನವೇ ಕಚೇರಿಗೆ ಹಾಜರಾಗುವಂತೆ ಟಿಕೆಟ್ ಮಾಡಿಸಿಕೊಳ್ಳಬೇಡಿ.

52 ಕಿಲೋಮೀಟರ್ ಸುತ್ತು

ಪರಿಕ್ರಮ ಶುರುವಾಗುವುದು ಬೆಟ್ಟದ ದಕ್ಷಿಣದ ಬುಡದಲ್ಲಿರುವ ದಾರ್ಚೆನ್ ಊರಿನಿಂದ. ಒಟ್ಟು ಸುಮಾರು 52 ಕಿಲೋಮೀಟರ್. ನಮ್ಮ ಕಡೆಯವರು ಮೂರು ದಿನದಲ್ಲಿ ಮುಗಿಸುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದ ಟಿಬೆಟಿಯನ್ನರು ನಸುಕಿನಲ್ಲಿ ಹೊರಟು ಒಂದೇ ದಿನದಲ್ಲಿ ಮುಗಿಸುತ್ತಾರೆ. ಅವರಲ್ಲೇ ಕೆಲವರು ಇಡೀ ದಾರಿಯನ್ನು ಸಾಷ್ಟಾಂಗ ನಮಸ್ಕಾರ ಹಾಕುತ್ತಾ ಅಳೆಯುತ್ತಾರೆ. ಅದಕ್ಕೆ ವಾರಗಳೇ ಬೇಕು.

ಮೊದಲ ದಿನ ಸುಲಭ. ಯಮದ್ವಾರ ಅನ್ನುವ ಸಣ್ಣ ಸ್ತೂಪದ ಹತ್ತಿರದವರೆಗೆ ವಾಹನ ಹೋಗುತ್ತದೆ. ಅಲ್ಲಿಂದ ಲಾ ಛು ನದಿಯ ಪಕ್ಕದಲ್ಲೇ ದಾರಿ. ಕೈಲಾಸದ ಪಶ್ಚಿಮ ಮುಖ ನೋಡುತ್ತಾ ನೋಡುತ್ತಾ ಡಿರಾಪುಕ್ ತಲುಪುವಷ್ಟರಲ್ಲಿ ಉತ್ತರ ಮುಖ ಎದುರಿಗೆ ನಿಲ್ಲುತ್ತದೆ. ಕಪ್ಪು ಬಂಡೆಯ ನೆಟ್ಟಗಿನ ಗೋಡೆ, ಮೇಲೆ ಹಿಮ. ತುಂಬಾ ಯಾತ್ರಿಕರು ಇಲ್ಲಿಗೆ ಬಂದು ವಾಪಸ್ ಹೋಗುತ್ತಾರೆ. ಅದನ್ನು ಸೋಲು ಅಂತ ಯಾರೂ ಅಂದುಕೊಳ್ಳಬೇಕಿಲ್ಲ. ಬೆಟ್ಟದ ಅತಿ ಹತ್ತಿರದ, ಅತಿ ದೊಡ್ಡ ದರ್ಶನ ಸಿಗುವುದು ಇಲ್ಲೇ.

ಎರಡನೇ ದಿನ ಕಷ್ಟ. ಇನ್ನೂ ಕತ್ತಲಿರುವಾಗಲೇ ಹೊರಡಬೇಕು. ಇಲ್ಲೊಂದು ವಿಷಯ ಗೊತ್ತಿರಲಿ: ಟಿಬೆಟ್‌ನಲ್ಲೂ ಬೀಜಿಂಗ್ ಸಮಯವೇ ನಡೆಯುವುದು, ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಗಡಿಯಾರ ಏಳು ತೋರಿಸಿದರೂ ಬೆಳಕು ಹರಿದಿರುವುದಿಲ್ಲ. ದಾರಿಯಲ್ಲಿ ಶಿವತ್ಸಾಲ್ ಅನ್ನುವ ಜಾಗ ಬರುತ್ತದೆ. ಟಿಬೆಟಿಯನ್ನರು ಅಲ್ಲಿ ತಮ್ಮ ಒಂದು ಬಟ್ಟೆ, ಒಂದು ಎಳೆ ಕೂದಲು ಬಿಟ್ಟು ಹೋಗುತ್ತಾರೆ. ಹಳೆಯ ಬದುಕನ್ನು ಅಲ್ಲೇ ಕಳಚಿಟ್ಟಂತೆ. ಆಮೇಲೆ ಡೋಲ್ಮಾ ಲಾ ಏರು. ಹತ್ತು ಹೆಜ್ಜೆ, ನಿಲ್ಲುವುದು, ಉಸಿರು, ಮತ್ತೆ ಹತ್ತು ಹೆಜ್ಜೆ. ಏರಿನ ನೆತ್ತಿಯಲ್ಲಿ ತಾರಾ ದೇವಿಯ ಬಂಡೆ, ಸಾವಿರಾರು ಪ್ರಾರ್ಥನಾ ಧ್ವಜಗಳು. ಅಲ್ಲಿ ಜಾಸ್ತಿ ಹೊತ್ತು ಕೂರಬಾರದು. ಫೋಟೋ ತೆಗೆದು, ಕೈ ಮುಗಿದು, ಇಳಿಯಬೇಕು.

ಇಳಿಯುವಾಗ ಬಲಕ್ಕೆ ಕೆಳಗೆ ಗೌರಿಕುಂಡ ಕಾಣುತ್ತದೆ. ಪಾರ್ವತಿ ಮೈಯ ಮಣ್ಣಿನಿಂದ ಗಣಪತಿಯನ್ನು ಮಾಡಿದ್ದು ಇದರ ದಂಡೆಯಲ್ಲಿ ಅಂತ ಯಾತ್ರಿಕರ ನಂಬಿಕೆ. ಮುಂದಿನ ಇಳಿಜಾರು ಕಡಿದು, ಕಲ್ಲು ಸಡಿಲ. ಕುದುರೆ ಮಾಡಿಕೊಂಡವರೂ ಇಲ್ಲಿ ಇಳಿದು ನಡೆಯಲೇಬೇಕು. ಕುದುರೆ ಇದೆಯಲ್ಲ, ನಡಿಗೆಯ ಅಭ್ಯಾಸ ಬೇಡ ಅಂದುಕೊಂಡವರು ಪೇಚಾಡುವುದು ಇಲ್ಲೇ. ಆಮೇಲೆ ಹುಲ್ಲುಗಾವಲಿನ ಉದ್ದದ ಕಣಿವೆ, ಸಂಜೆಗೆ ಜುತುಲ್‌ಪುಕ್. ಟಿಬೆಟಿಯನ್ ಯೋಗಿ ಮಿಲರೇಪ ತಪಸ್ಸು ಮಾಡಿದ ಗುಹೆ ಅಲ್ಲಿದೆ. ಮೂರನೇ ದಿನ ಕೆಲವು ಗಂಟೆಗಳ ನಡಿಗೆ, ಅಷ್ಟೇ.

ಮಾನಸ ಸರೋವರದಲ್ಲಿ ಮುಳುಗು ಹಾಕಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಈಗ ಚೀನಾ ಅಧಿಕಾರಿಗಳು ನೀರಿಗಿಳಿಯಲು ಬಿಡುತ್ತಿಲ್ಲ. ಬಕೆಟ್‌ನಲ್ಲಿ ನೀರು ತೆಗೆದು ದಂಡೆಯಿಂದ ದೂರ ಬಂದು ಮೈಮೇಲೆ ಸುರಿದುಕೊಳ್ಳಬೇಕು. ಬೇಸರವಾಗುತ್ತದೆ, ನಿಜ. ಆದರೆ ಆ ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ. ಎತ್ತರಕ್ಕೆ ಇನ್ನೂ ಹೊಂದಿಕೊಳ್ಳದ ದೇಹಕ್ಕೆ ಒಂದು ಚೊಂಬು ನೀರೇ ಸಾಕು. ತಲೆಗೆ ಪ್ರೋಕ್ಷಣೆ ಮಾಡಿಕೊಂಡರೂ ಸ್ನಾನವೇ.

ಬೇರೆಯವರ ಮನೆ

ಚೀನಾದ ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಕೈಲಾಸ ಮತ್ತು ಮಾನಸ ಸರೋವರದ ಸುತ್ತಲಿನ ಬೌದ್ಧ ಮಠಗಳು ನೆಲಸಮವಾದವು. ಈಗ ಕಾಣುವ ಗೊಂಪಾಗಳು ಬಹುಪಾಲು 1980ರ ನಂತರ ಮತ್ತೆ ಕಟ್ಟಿದವು. ಅಲ್ಲಿನ ಜನ ಅಷ್ಟೆಲ್ಲ ಅನುಭವಿಸಿ ಈ ದಾರಿಯನ್ನು ಜೀವಂತವಾಗಿ ಉಳಿಸಿಕೊಂಡಿದ್ದಾರೆ. ಗೊಂಪಾದೊಳಗೆ ಹೋಗುವಾಗ, ಮಣಿ ಕಲ್ಲುಗಳ ಪಕ್ಕ ನಡೆಯುವಾಗ ಇದು ನೆನಪಿರಲಿ. ಮಂತ್ರ ಕೆತ್ತಿದ ಕಲ್ಲನ್ನು ಮನೆಗೆ ತರಬೇಡಿ. ನಿಮ್ಮ ಎದುರಿನಿಂದ ಅಪ್ರದಕ್ಷಿಣೆಯಾಗಿ ಬರುವವರು ಸಿಗುತ್ತಾರೆ. ಅವರು ಬೋನ್ ಧರ್ಮದವರು, ಅವರ ಪದ್ಧತಿಯೇ ಹಾಗೆ. ದಾರಿ ತಪ್ಪಿದ್ದೀರಿ ಅಂತ ಹೇಳಲು ಹೋಗಬೇಡಿ.

ಟಿಬೆಟ್‌ನಲ್ಲಿ ವಿದೇಶಿಯರು ತಾವೇ ತಿರುಗಾಡುವಂತಿಲ್ಲ. ವೀಸಾದ ಜೊತೆಗೆ ಟಿಬೆಟ್ ಪ್ರವೇಶದ ಪರವಾನಗಿ ಬೇಕು, ಗೈಡ್ ಜೊತೆಯಲ್ಲೇ ಇರಬೇಕು. ದಲೈ ಲಾಮಾ ಅವರ ಫೋಟೋ, ಪುಸ್ತಕ ಒಯ್ಯಬೇಡಿ, ಫೋನಿನಲ್ಲಿದ್ದರೂ ಅಳಿಸಿಬಿಡಿ. ರಾಜಕೀಯದ ಮಾತು ತೆಗೆದರೆ ತೊಂದರೆ ನಿಮಗಿಂತ ಜಾಸ್ತಿ ಆಗುವುದು ಅಲ್ಲಿನ ಗೈಡ್‌ಗೆ, ಕುದುರೆಯವನಿಗೆ.

ಬೈಲಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಿಂದ ಟಿಬೆಟಿಯನ್ನರು ನಮ್ಮ ನೆರೆಯವರಾಗಿದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಗಂಗ್ ರಿನ್‌ಪೋಚೆಯ ಕಡೆ ಹೋಗುವ ದಾರಿಯೇ ಇಲ್ಲ. ಬೆಂಗಳೂರಿನ ಯಾತ್ರಿಕರಿಗೆ ಸಿಗುವ ಆ ದರ್ಶನ, ಆ ನೆಲದ ಮಕ್ಕಳಿಗೇ ಸಿಗುವುದಿಲ್ಲ. ಈ ಅನ್ಯಾಯ ನನ್ನನ್ನು ಕಾಡುತ್ತದೆ. ಯಾತ್ರೆಗೆ ಹೊರಟವರು ಸಾಧ್ಯವಾದರೆ ಮೊದಲು ಬೈಲಕುಪ್ಪೆಗೆ ಹೋಗಿ ಹಿರಿಯರೊಬ್ಬರ ಹತ್ತಿರ ಕೂತು ಮಾತಾಡಿ. ಬೆಟ್ಟದ ಬಗ್ಗೆ ಅವರು ಹೇಳುವುದು ಯಾವ ಟೂರ್ ಪುಸ್ತಿಕೆಯಲ್ಲೂ ಇಲ್ಲ.

ಇನ್ನೊಂದು ವಿಷಯ. ಟಿಬೆಟಿಯನ್ ಪಂಚಾಂಗದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಕುದುರೆಯ ವರ್ಷ ಬರುತ್ತದೆ. ಆ ವರ್ಷದ ಒಂದು ಸುತ್ತಿಗೆ ಹದಿಮೂರು ಸುತ್ತಿನ ಪುಣ್ಯ ಅಂತ ಅವರ ನಂಬಿಕೆ. 2014 ಅಂಥ ವರ್ಷವಾಗಿತ್ತು. 2026 ಇನ್ನೊಂದು. ಕುದುರೆಯ ವರ್ಷದಲ್ಲಿ ಜನ ಜಾಸ್ತಿ. ಅದರಲ್ಲೂ ಬುದ್ಧನ ನೆನಪಿನ ಸಾಗಾ ದಾವಾ ಹುಣ್ಣಿಮೆಗೆ, ಯಮದ್ವಾರದ ಹತ್ತಿರದ ತಾರ್‌ಬೋಚೆಯ ದೊಡ್ಡ ಧ್ವಜಸ್ತಂಭವನ್ನು ಇಳಿಸಿ ಹೊಸ ಧ್ವಜ ಕಟ್ಟಿ ನಿಲ್ಲಿಸುವಾಗ ದೂರದೂರದಿಂದ ಬರುತ್ತಾರೆ.

ಕಂಪನಿಗೆ ಕೇಳಬೇಕಾದ್ದು

ಖಾಸಗಿಯಾಗಿ ಹೋಗುವವರು ಮುಂಗಡ ಕೊಡುವ ಮೊದಲು ಟೂರ್‌ನವರಿಂದ ಒಂದು ಪಟ್ಟಿ ಬರೆಸಿಕೊಳ್ಳಿ: ಪ್ರತಿ ರಾತ್ರಿ ಎಲ್ಲಿ ಮಲಗುವುದು, ಆ ಜಾಗ ಎಷ್ಟು ಮೀಟರ್ ಎತ್ತರ. 500 ಮೀಟರ್ ನಿಯಮವನ್ನು ಅದರ ಪಕ್ಕ ಇಟ್ಟು ನೋಡಿ. ಯಾರಾದರೂ ಕಾಯಿಲೆ ಬಿದ್ದರೆ ಪ್ರತ್ಯೇಕ ವಾಹನ ಇದೆಯಾ, ಜೊತೆಗೆ ಯಾರು ಬರುತ್ತಾರೆ, ಗುಂಪು ವೀಸಾದಿಂದ ಹೆಸರು ಬೇರ್ಪಡಿಸುವುದು ಯಾರ ಹೊಣೆ, ಮಳೆಯಿಂದ ಸಿಮಿಕೋಟ್‌ನಲ್ಲಿ ಉಳಿದರೆ ಊಟ ವಸತಿ ಖರ್ಚು ಯಾರದ್ದು, ಇವನ್ನೂ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಎಲ್ಲಾ ಆಗುತ್ತೆ ಅನ್ನುವವರ ಹತ್ತಿರ ಹೋಗಬೇಡಿ. ಒಂದೆರಡು ದಿನ ಜಾಸ್ತಿ ಇರುವ ಟೂರ್‌ಗೆ ಸ್ವಲ್ಪ ಹೆಚ್ಚು ದುಡ್ಡಾದರೂ ಅದನ್ನೇ ಆರಿಸಿ. ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವವರಿಗಂತೂ ಇದು ಕಡ್ಡಾಯ ಅಂತಲೇ ಹೇಳುತ್ತೇನೆ.

ದೇಹ ಒಪ್ಪದು ಅಂತ ವೈದ್ಯರು ಹೇಳಿದವರಿಗೂ ದಾರಿ ಇದೆ. ಗುಂಜಿಯಿಂದ ಇನ್ನೊಂದು ಕಡೆಗೆ ಹೋದರೆ ಆದಿ ಕೈಲಾಸ, ಅದರ ಹತ್ತಿರ ಪಾರ್ವತಿ ಸರೋವರ. ಓಂ ಪರ್ವತ ಕಾಣುವುದು ಲಿಪುಲೇಖ್ ದಾರಿಯ ನಾಭಿಢಾಂಗ್‌ನಿಂದ. ಎಲ್ಲವೂ ಭಾರತದೊಳಗೆ, ಗಡಿ ಸೀಮೆಗೆ ಬೇಕಾದ ಇನ್ನರ್ ಲೈನ್ ಪರವಾನಗಿ ಸಾಕು, ಪಾಸ್‌ಪೋರ್ಟ್ ಬೇಡ. ಅಲ್ಲೂ ಎತ್ತರ ಕಡಿಮೆಯಿಲ್ಲ, ಆದರೆ ಇಳಿಯಬೇಕಾದರೆ ಅದೇ ದಿನ ಇಳಿಯಬಹುದು. 2024ರ ಅಕ್ಟೋಬರ್‌ನಿಂದ ಹಳೆ ಲಿಪುಲೇಖ್ ಹತ್ತಿರದ ಒಂದು ಶಿಖರದಿಂದ, ಗಡಿ ದಾಟದೆಯೇ, ದೂರದ ಕೈಲಾಸದ ದರ್ಶನ ಮಾಡಿಸುವ ವ್ಯವಸ್ಥೆಯನ್ನೂ ಉತ್ತರಾಖಂಡ ಶುರು ಮಾಡಿದೆ. ಹವೆ ತಿಳಿಯಾಗಿದ್ದರೆ ಬೆಟ್ಟ ಅಲ್ಲಿಂದಲೂ ಕಾಣುತ್ತದೆ.